ಆರ್ವೊ ಮೂರು ಸಲ ಕೂಗಿದ್ದ

ಸುಪೀರಿಯರ್ ಸರೋವರದ ದಡದಲ್ಲಿರುವ ನಮ್ಮೂರಲ್ಲಿ ಹಿಮ ಬಿದ್ದರೆ ಐದು ತಿಂಗಳು ಕರಗುವುದಿಲ್ಲ. ನಡೆದಾಡುವವರು ದಪ್ಪ ಬೂಟು ಹಾಕಿಕೊಂಡು ಹೇಗೋ ಓಡಾಡುತ್ತಾರೆ. ಗಾಲಿಕುರ್ಚಿಯವರ ಪಾಡು ಬೇರೆ. ಹಿಮ ತೆಗೆಯುವ ಗಾಡಿ ರಸ್ತೆಯ ಹಿಮವನ್ನೆಲ್ಲ ತಂದು ಕಾಲುದಾರಿಯ ಮೇಲೆ ಒಟ್ಟುತ್ತದೆ. ನವೆಂಬರಿನಲ್ಲಿ ಮನೆ ಸೇರಿದವರು ಏಪ್ರಿಲ್‌ವರೆಗೂ ಕಿಟಕಿಯ ಪಕ್ಕ ಕೂತಿರಬೇಕು.

ಆರ್ವೊ ಸಾಲ್ಮೆಲ ಹಾಗೆ ಇಪ್ಪತ್ತೊಂಬತ್ತು ಚಳಿಗಾಲ ಕೂತಿದ್ದವನು.

ನನ್ನ ಹೆಸರು ಸಿರ್ಕಾ. ಗಾಲಿಕುರ್ಚಿಯವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಆರ್ವೊನನ್ನು ಹನ್ನೆರಡು ವರ್ಷದಿಂದ ಬಲ್ಲೆ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಅವನ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ. ನಾಲಗೆಯೂ ಕೇಳುತ್ತಿರಲಿಲ್ಲ. ಆದರೆ ಅವನಿಗೆ ಅರ್ಥವಾಗದ ವಿಷಯ ಇರಲಿಲ್ಲ. ಒಂದು ಪಾರದರ್ಶಕ ಪ್ಲಾಸ್ಟಿಕ್ ಬೋರ್ಡು, ಅದರ ಮೇಲೆ ಅಕ್ಷರಗಳು. ಅದನ್ನು ಅವನ ಮುಖದೆದುರು ಹಿಡಿದರೆ ಬೇಕಾದ ಅಕ್ಷರವನ್ನು ಕಣ್ಣಿನಲ್ಲಿ ತೋರಿಸುತ್ತಿದ್ದ. ನಾವು ಗಟ್ಟಿಯಾಗಿ ಓದಬೇಕು. ಸರಿ ಇದ್ದರೆ ಕಣ್ಣು ಮೇಲೆತ್ತುತ್ತಿದ್ದ, ತಪ್ಪಿದ್ದರೆ ಮುಚ್ಚುತ್ತಿದ್ದ. ಒಂದು ಮಾತಿಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು.

ಒಮ್ಮೆ ಬಸ್ಸು ನಿಲ್ಲಿಸಿ ಬೋರ್ಡು ಹಿಡಿದೆ. ಏನೋ ತುರ್ತು ಇರಬೇಕು ಎಂದುಕೊಂಡೆ. ಅವನು ಹೇಳಿದ್ದು ಇಷ್ಟು: "ನಿನ್ನ ಬಸ್ಸಲ್ಲಿ ಹಾಲಿಟ್ರೆ ಮನೆ ಸೇರೋಷ್ಟ್ರಲ್ಲಿ ಬೆಣ್ಣೆ ಬರುತ್ತೆ."

ಅಂಥ ಹುಡುಗಾಟದ ಮನುಷ್ಯ.

ಊರಾಚೆಯ ಗುಡ್ಡದಲ್ಲಿ ಗಾಲಿಕುರ್ಚಿಯವರಿಗಾಗಿ ಹಿಮದ ಮೇಲೆ ಜಾರುವ ಸ್ಕೀ ಆಟದ ಒಂದು ಕ್ಲಬ್ಬು ಶುರುವಾಯಿತು. ಸ್ಕೀ ಎನ್ನುವ ಎರಡು ಉದ್ದ ಜಾರುಪಟ್ಟಿಗಳ ಮೇಲೆ ಚಿಪ್ಪಿನಂಥ ಒಂದು ಆಸನ. ಅದರಲ್ಲಿ ಕೂರಿಸಿ ಬೆಲ್ಟು ಕಟ್ಟುತ್ತಾರೆ. ಹಿಂದಿನಿಂದ ಒಬ್ಬರು ಹಗ್ಗ ಹಿಡಿದು ತಾವೂ ಸ್ಕೀ ಮಾಡುತ್ತ ಇಳಿಯುತ್ತಾರೆ. ಆರ್ವೊ ಅವತ್ತೇ ಬೋರ್ಡಿನ ಮೇಲೆ ಹೇಳಿದ: "ನನ್ನ ಹೆಸರು ಬರೆಸು. ಹಗ್ಗ ನೀನು ಹಿಡಿ. ರಸ್ತೆಗಿಂತ ಗುಡ್ಡದಲ್ಲಿ ಚೆನ್ನಾಗಿ ಓಡಿಸ್ತೀಯೇನೋ."

ನಾನು ಚಿಕ್ಕಂದಿನಿಂದ ಸ್ಕೀ ಮಾಡಿದವಳು. ಒಪ್ಪಿಕೊಂಡೆ.

ಜನವರಿಯಲ್ಲಿ ನಮ್ಮಂಥ ಸ್ವಯಂಸೇವಕರಿಗೆ ತರಬೇತಿ ಇಟ್ಟರು. ಕ್ಲಬ್ಬಿನ ಮುಖ್ಯಸ್ಥ ಗಾರ್ಥ್. ಅವನು ಬೆಲ್ಟು, ಹಗ್ಗ, ಹೆಲ್ಮೆಟ್ಟು ಎಲ್ಲ ಕಲಿಸಿದ. ಕೊನೆಯಲ್ಲಿ ಲೊರೆಟಾ ನಾಬಿಗನ್ ಎದ್ದು ನಿಂತಳು. ಮಾತು ಬರದವರಿಗೆ ಮಾತಿನ ದಾರಿ ಮಾಡಿಕೊಡುವುದು ಅವಳ ಕೆಲಸ. ಆರ್ವೊಗೆ ಬೋರ್ಡು ಕಲಿಸಿದವಳೂ ಅವಳೇ.

"ಬೋರ್ಡು ಗುಡ್ಡದ ಮೇಲೂ ಬರಬೇಕು," ಎಂದಳು. "ದಾರ ಕಟ್ಟಿ ಆಸನದಲ್ಲಿ ಕೂತವರ ಕತ್ತಿಗೆ ಹಾಕಿ. ಹೊರಡೋ ಮುಂಚೆ 'ನಿಲ್ಲಿಸು' ಅನ್ನೋದಕ್ಕೆ, 'ನೋವು' ಅನ್ನೋದಕ್ಕೆ ಒಂದೊಂದು ಸನ್ನೆ ಮಾತಾಡಿಕೊಳ್ಳಿ. ಅರ್ಧ ದಾರೀಲಿ ನಿಂತು, ಮುಂದೆ ಹೋಗಿ, ಮುಖ ನೋಡಿ ಕೇಳಿ."

ಗಾರ್ಥ್ ಗಡಿಯಾರ ನೋಡಿದ. "ಲೊರೆಟಾ, ಆ ಚಳೀಲಿ ಒಂದೊಂದೇ ಅಕ್ಷರ ಓದ್ತಾ ನಿಂತ್ರೆ ಇಬ್ರೂ ಹೆಪ್ಪುಗಟ್ಟಿ ಹೋಗ್ತಾರೆ."

ನಾನೂ ಸುಮ್ಮನಿರಲಿಲ್ಲ. "ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ ಕಣೆ ಅವನನ್ನ. ಮುಖ ನೋಡಿದ್ರೆ ಸಾಕು, ಗೊತ್ತಾಗುತ್ತೆ."

"ಮುಖ ಎಲ್ಲಿ ನೋಡ್ತೀಯಾ ಸಿರ್ಕಾ? ಹಗ್ಗ ಹಿಡಿದು ಅವನ ಬೆನ್ನ ಹಿಂದೆ ಇರ್ತೀಯಲ್ಲ."

ಆರ್ವೊನ ತಾಯಿ ಹೆಲ್ಮಿ ನನ್ನ ಪಕ್ಕದಲ್ಲೇ ಕೂತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಸೊಂಟ ನೋವಿನವಳು. "ಹೆತ್ತವಳಿಗೆ ಗೊತ್ತಾಗಲ್ವಾ ಲೊರೆಟಾ?" ಎಂದಳು. "ಅವನ ಒಂದೊಂದು ಉಸಿರೂ ನನಗೆ ಗೊತ್ತು."

"ಗೊತ್ತು ಹೆಲ್ಮಿ. ಆದ್ರೆ ನೀನು ಗುಡ್ಡದ ಕೆಳಗಿರ್ತೀಯಾ."

ಎಲ್ಲರೂ ನಕ್ಕೆವು. ಹೆಲ್ಮಿಯೂ ನಕ್ಕಳು. ನಂತರ ಕಾಫಿ ಬಂತು. ಸನ್ನೆಯ ಮಾತು ಅಲ್ಲಿಗೇ ನಿಂತಿತು.

ಫೆಬ್ರವರಿಯ ಎರಡನೇ ಶನಿವಾರ. ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ ಚಳಿ. ಆಕಾಶ ಮಾತ್ರ ಒಂದು ಮೋಡವಿಲ್ಲದೆ ನೀಲಿಯಾಗಿತ್ತು. ಆರ್ವೊನನ್ನು ಆಸನದಲ್ಲಿ ಕೂರಿಸಿದೆವು. ಎಡಗಾಲು ಮೇಲಿಂದ ಮೇಲೆ ಸೆಟೆದು ಆಚೆ ಬರುತ್ತಿತ್ತು. ಅದರ ಬೆಲ್ಟನ್ನು ಇನ್ನೊಂದು ತೂತಿಗೆ ಎಳೆದು ಬಿಗಿದವಳು ನಾನೇ. ಬಿಸಿಲು ಚುಚ್ಚದಿರಲಿ ಎಂದು ಅವನ ಕಣ್ಣಿಗೆ ಕಪ್ಪು ಗಾಜಿನ ಕನ್ನಡಕ ಹಾಕಿದವಳೂ ನಾನೇ. ಬೋರ್ಡು ಅವನ ಎದೆಯ ಮೇಲಿತ್ತು. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇದು ಮುರಿದೀತು. ಒಳಗಿಡ್ತೀನಿ, ಬಂದ ಮೇಲೆ ಮಾತಾಡೋಣ," ಎಂದು ತೆಗೆದು ಚೀಲಕ್ಕೆ ಹಾಕಿದೆ. ಅವನನ್ನು ಕೇಳಲಿಲ್ಲ. ಹೇಳಿದೆ, ಅಷ್ಟೆ. ಅವನು ಕಣ್ಣು ಮುಚ್ಚಿ ಬೇಡ ಎಂದನೋ ಏನೋ. ಕಪ್ಪು ಗಾಜಿನ ಹಿಂದೆ ನನಗೆ ಕಾಣಲಿಲ್ಲ.

ಮೊದಲ ಸಲ ಇಳಿದಾಗ ಆರ್ವೊ ನಿಜವಾಗಿಯೂ ಸಂತೋಷಪಟ್ಟ. ಗಂಟಲಿನಿಂದ ಒಂದು ನಗು ಬಂತು. ಬಸ್ಸಿನಲ್ಲಿ ನನ್ನನ್ನು ರೇಗಿಸುವಾಗ ಬರುವ ನಗು, ನನಗೆ ಗುರುತಿತ್ತು.

ಎರಡನೇ ಸಲ ಅರ್ಧ ಇಳಿಯುವಾಗ ಅವನು ಜೋರಾಗಿ ಕೂಗಿದ. ಹಿಂದಿನಿಂದ ನಾನೂ ಕೂಗಿದೆ, "ಹೋ! ಇನ್ನೂ ಜೋರಾಗಿ ಹೋಗೋಣ್ವಾ?" ಕೆಳಗೆ ಬಂದ ಮೇಲೆ ಮತ್ತೆ ಕೂಗಿದ. ಅಲ್ಲಿ ನಿಂತಿದ್ದವರೆಲ್ಲ ಕೈಗವಸು ಹಾಕಿದ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಗಾರ್ಥ್ ಹೇಳಿದ, "ನೋಡಿ, ನೋಡಿ, ಇದಕ್ಕೇ ಈ ಕ್ಲಬ್ಬು ಮಾಡಿದ್ದು!" ಹೆಲ್ಮಿ ಕಣ್ಣೊರೆಸಿಕೊಂಡು ಫೋನಿನಲ್ಲಿ ವಿಡಿಯೋ ಮಾಡಿದಳು.

ಮತ್ತೆ ಮೇಲೆ ಹೋದೆವು. ಮೂರನೇ ಸಲ ಗುಡ್ಡದ ತುದಿಯಲ್ಲಿ ಅವನು ಉದ್ದಕ್ಕೆ ಕೂಗಿದ. ಆ ದನಿ ಕೊನೆಯಲ್ಲಿ ಒಡೆಯಿತು. ಆಮೇಲೆ ಸುಮ್ಮನಾದ.

"ದಣಿದಿದ್ದಾನೆ," ಎಂದುಕೊಂಡೆ.

ಕೆಳಗಿಳಿದು ಕ್ಲಬ್ಬಿನ ಕಟ್ಟಡದೊಳಗೆ ಬಂದು ಅವನ ಕನ್ನಡಕ ತೆಗೆದೆ. ಅವನು ನನ್ನ ಚೀಲವನ್ನೇ ನೋಡುತ್ತಿದ್ದ. ಚೀಲದ ಪಕ್ಕದಲ್ಲಿ ಹೆಲ್ಮಿ ತಂದಿದ್ದ ಏಲಕ್ಕಿ ಬ್ರೆಡ್ಡಿನ ಡಬ್ಬಿ ಇತ್ತು. "ಹಸಿವಾಗಿದೆ ಪಾಪ," ಎಂದು ಹೆಲ್ಮಿ ಚೂರು ಮಾಡಿ ಬಾಯಿಗಿಟ್ಟಳು. ಅವನು ಉಗುಳಿದ. ಮತ್ತೆ ಇಟ್ಟಳು. ಮತ್ತೆ ಉಗುಳಿದ. "ಏನಪ್ಪಾ ಹಟ ನಿಂದು," ಎಂದಳು. ನಾನು ಕಾಫಿ ಕುಡಿಯುತ್ತಿದ್ದೆ. "ಇರಲಿ ಬಿಡು, ಊಟ ಆದ ಮೇಲೆ ಬೋರ್ಡು ಕೊಡ್ತೀನಿ," ಎಂದೆ.

ಮುಕ್ಕಾಲು ಗಂಟೆ. ಬೋರ್ಡು ಒಂದು ತೋಳಿನಷ್ಟು ದೂರದಲ್ಲಿತ್ತು. ಕೊಡಲೇ ಇಲ್ಲ.

ಮನೆಯಲ್ಲಿ ಅವನ ಎಡಗಾಲಿನ ಬೂಟು ಬಿಚ್ಚಿದಾಗ ಹೆಲ್ಮಿ ನನಗೆ ಫೋನು ಮಾಡಿದಳು. "ಸಿರ್ಕಾ, ಇವನ ಬೆರಳು ಮೇಣದ ಹಾಗಿದೆ. ಮುಟ್ಟಿದ್ರೆ ಕಲ್ಲು ಕಣೆ." ಬೂಟಿನೊಳಗೆ ಹಿಮ ಸೇರಿ ಕಾಲುಚೀಲ ಒದ್ದೆಯಾಗಿತ್ತು. ಬೆಲ್ಟು ಬಿಗಿದು ರಕ್ತ ಓಡಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಐದು ವಾರ ಕಾದು ನೋಡಿದರು. ಬೆರಳು ಕಪ್ಪಾದವು. ಐದೂ ಬೆರಳು, ಅದರ ಜೊತೆ ಪಾದದ ಮುಂದಿನ ಭಾಗ ತೆಗೆದರು.

ನಡೆಯದವನಿಗೆ ಪಾದ ಹೋದರೇನು ಎಂದು ಊರಿನಲ್ಲಿ ಒಬ್ಬಿಬ್ಬರು ಅಂದದ್ದು ಕಿವಿಗೆ ಬಿತ್ತು. ಅವರಿಗೆ ಗೊತ್ತಿರಲಿಲ್ಲ. ಆರ್ವೊ ದಿನಕ್ಕೆ ನಾಲ್ಕು ಸಲ, ತಾಯಿಯ ಹೆಗಲು ಹಿಡಿದು, ಎಣಿಸಿದಂತೆ ಅರ್ಧ ನಿಮಿಷ ನಿಲ್ಲುತ್ತಿದ್ದ. ಆ ಅರ್ಧ ನಿಮಿಷದಲ್ಲಿ ಹೆಲ್ಮಿ ಅವನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ತಿರುಗಿಸುತ್ತಿದ್ದಳು. ಆ ಪಾದದ ಬಲದಿಂದಲೇ ಅವನು ಮನೆಯಲ್ಲಿ ಇರಲು ಆಗುತ್ತಿತ್ತು. ಎತ್ತುವ ಯಂತ್ರ ಹಾಕಲು ಅವರ ಸಣ್ಣ ಮನೆಯ ಬಾಗಿಲು ಸಾಲಲಿಲ್ಲ. ಹೆಲ್ಮಿ ಎರಡು ವಾರ ತಾನೇ ಎತ್ತಿದಳು. ಮೂರನೇ ವಾರ ಇಬ್ಬರೂ ಬಚ್ಚಲಿನಲ್ಲಿ ಬಿದ್ದರು.

ಮೇ ತಿಂಗಳ ಮೊದಲಲ್ಲಿ ಆರ್ವೊನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರು. ಅವನ ಕೋಣೆಯ ಅಕ್ಕಪಕ್ಕ ಎಂಬತ್ತು ದಾಟಿದವರು. ಅವನಿಗೆ ಮೂವತ್ತೂ ಆಗಿರಲಿಲ್ಲ.

ನಾನು ಮುಖ ತೋರಿಸಲಿಲ್ಲ. ಆ ಮಾರ್ಗದ ಬಸ್ಸು ಬೇರೆಯವರಿಗೆ ಬಿಟ್ಟುಕೊಟ್ಟೆ. ಒಂದು ಸಂಜೆ ಲೊರೆಟಾ ನಮ್ಮ ಮನೆ ಬಾಗಿಲು ತಟ್ಟಿದಳು.

"ಅವನು ನಿನ್ನನ್ನ ಕರೀತಿದ್ದಾನೆ."

"ಯಾವ ಮುಖ ಇಟ್ಕೊಂಡು ಬರ್ಲಿ ಲೊರೆಟಾ?"

"ಇರೋ ಮುಖ ಇಟ್ಕೊಂಡು ಬಾ. ಅವನು ಹೇಳೋದಿದೆಯಂತೆ. ಮತ್ತೆ ಕೇಳದೆ ಬಿಟ್ಟುಬಿಡ್ತೀಯಾ?"

ಹೋದೆ. ಆರ್ವೊ ಬಡವಾಗಿದ್ದ. ಲೊರೆಟಾ ಬೋರ್ಡನ್ನು ನನ್ನ ಕೈಗೇ ಕೊಟ್ಟು ಹೊರಗೆ ಹೋದಳು. ಅದನ್ನು ಅವನ ಮುಖದೆದುರು ಹಿಡಿದೆ. ಅವನು ನಿಧಾನವಾಗಿ ಒಂದೊಂದೇ ಅಕ್ಷರ ತೋರಿಸಿದ. ನಾನು ಒಂದೊಂದೇ ಓದಿದೆ.

"ಮೂರು ಸಲ ಕೂಗಿದೆ. ನೀವು ಚಪ್ಪಾಳೆ ತಟ್ಟಿದಿರಿ."

ಅವನು ನಿಲ್ಲಿಸಲಿಲ್ಲ. ಮೊದಲ ಕೂಗು, "ಕಾಲು." ಎರಡನೆಯದು, "ನಿಲ್ಲಿಸು." ಮೂರನೆಯದು, "ಅಮ್ಮಾ."

"ಆರ್ವೊ, ನನ್ನ ಕ್ಷಮಿಸ್ತೀಯಾ?" ಎಂದೆ. ಅಳುತ್ತಿದ್ದೆ. ಅವನು ಕಣ್ಣು ಮೇಲೆತ್ತಲಿಲ್ಲ. ಮುಚ್ಚಲೂ ಇಲ್ಲ. ಬೋರ್ಡು ನೋಡಿದ.

"ಇನ್ನೂ ಇಲ್ಲ."

ಅಷ್ಟರಲ್ಲಿ ಕ್ಲಬ್ಬಿನಲ್ಲಿ ಇನ್ನೊಂದು ಮಾತು ಹುಟ್ಟಿತ್ತು. ಮಾತು ಬರದವರನ್ನು ಇನ್ನು ಮುಂದೆ ಗುಡ್ಡಕ್ಕೆ ಕರೆದೊಯ್ಯಬಾರದು ಎಂದು ಗಾರ್ಥ್ ನಿಯಮ ಬರೆದಿದ್ದ. ಜೂನಿನ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಪಡೆಯುವುದಿತ್ತು. ಆ ಸಭೆಗೆ ತನ್ನನ್ನು ಕರೆದುಕೊಂಡು ಹೋಗಬೇಕು ಎಂದು ಆರ್ವೊ ನನಗೆ ಹೇಳಿದ. ಕೇಳಿದ್ದಲ್ಲ, ಹೇಳಿದ್ದು.

ಸಭೆಯಲ್ಲಿ ಮೂವತ್ತು ಜನ ಇದ್ದರು. ಗಾರ್ಥ್ ಎದ್ದು ನಿಂತ. ಅವನೂ ಸೊರಗಿದ್ದ.

"ನಾನು ಕೆಟ್ಟವನಲ್ಲ," ಎಂದ. "ಇನ್ನೊಬ್ಬರಿಗೆ ಹೀಗಾಗಬಾರದು, ಅಷ್ಟೇ. ಹೇಳಿಕೊಳ್ಳೋಕೆ ಆಗದವರನ್ನ ಆ ಚಳೀಲಿ ಹೇಗೆ ಕಾಪಾಡೋದು? ಅವರು ಬೆಚ್ಚಗೆ ಒಳಗಿರಲಿ, ನೋಡಿ ಸಂತೋಷಪಡಲಿ."

ಲೊರೆಟಾ ಬೋರ್ಡು ಹಿಡಿದಳು. ಆರ್ವೊ ಶುರು ಮಾಡಿದ. ಹನ್ನೊಂದು ನಿಮಿಷ ಹಿಡಿಯಿತು. ಮೊದಲ ಎರಡು ನಿಮಿಷ ಜನ ಕೆಮ್ಮಿದರು, ಕುರ್ಚಿ ಸರಿಸಿದರು. ಒಬ್ಬರು ನಡುವೆ ಊಹೆ ಮಾಡಿ ಮಾತು ಮುಗಿಸಲು ಹೋದರು. ಲೊರೆಟಾ ಕೈ ಎತ್ತಿ ತಡೆದಳು. "ಇದು ಅವನ ಮಾತು. ಅವನೇ ಮುಗಿಸಲಿ." ಅಕ್ಷರ ಸೇರಿ ಪದವಾಯಿತು, ಪದ ಸೇರಿ ಮಾತಾಯಿತು.

"ನನಗೆ ಮಾತು ಬರಲ್ಲ ಅಂತ ಕಾಲು ಹೋಗ್ಲಿಲ್ಲ. ಬೋರ್ಡು ಚೀಲದಲ್ಲಿತ್ತು, ಅದಕ್ಕೆ ಹೋಯ್ತು. ಮೊದಲ ಸಲ ಇಳಿದಾಗ ನಾನು ಹಕ್ಕಿ ಆಗಿದ್ದೆ. ಅದನ್ನ ಯಾರಿಂದಲೂ ಕಿತ್ಕೋಬೇಡಿ."

ಗಾರ್ಥ್ ತನ್ನ ಕಾಗದ ಮಡಿಸಿಟ್ಟ. ಆಮೇಲೆ ಲೊರೆಟಾಳ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದ.

"ನನ್ನನ್ನ ಕೇಳಬೇಡ," ಎಂದಳು ಲೊರೆಟಾ. "ಅವನು ಇಲ್ಲೇ ಇದ್ದಾನೆ."

ಗಾರ್ಥ್ ಆರ್ವೊನ ಮುಂದೆ ಬಂದು ಮೊಣಕಾಲೂರಿ ಕೂತ. "ಹಾಗಾದ್ರೆ ಏನು ಬರೀಲಿ ಹೇಳು," ಎಂದ.

ಆ ಬೇಸಿಗೆಯೆಲ್ಲ ಆರ್ವೊ ಬರೆಸಿದ. ವಾರಕ್ಕೊಂದು ಮಧ್ಯಾಹ್ನ, ಒಂದು ಸಲಕ್ಕೆ ಎರಡು ಮೂರು ಸಾಲು. ಆಟ ಎಲ್ಲಿಗೆ ಹೋಗುತ್ತದೋ ಬೋರ್ಡೂ ಅಲ್ಲಿಗೆ ಹೋಗಬೇಕು. ಗಾಳಿಗೆ ಮುರಿಯುವಂತಿದ್ದರೆ ಮುರಿಯದಂಥದ್ದು ಮಾಡಿಸಬೇಕು. ಕಣ್ಣಿನಿಂದ ಮಾತಾಡುವವರಿಗೆ ಕಪ್ಪು ಗಾಜು ಹಾಕಬಾರದು, ಕಣ್ಣು ಕಾಣುವ ತಿಳಿ ಗಾಜು ಹಾಕಬೇಕು. ಹೌದು, ಇಲ್ಲ, ನಿಲ್ಲಿಸು, ನೋವು, ಈ ನಾಲ್ಕಕ್ಕೆ ಪ್ರತಿಯೊಬ್ಬರಿಗೂ ಅವರದೇ ಸನ್ನೆ ಇರಬೇಕು. ಅದು ಹಗ್ಗ ಹಿಡಿದವರಿಗೂ ಕೆಳಗೆ ನಿಂತವರಿಗೂ ಬಾಯಿಪಾಠ ಬರಬೇಕು. ಒಬ್ಬರು ಹಗ್ಗ ಹಿಡಿದರೆ ಇನ್ನೊಬ್ಬರು ಮುಖ ಕಾಣುವಂತೆ ಪಕ್ಕದಲ್ಲೇ ಇಳಿಯಬೇಕು. ಕೇಳಿದ ಮೇಲೆ ಕಾಯಬೇಕು. ಎಷ್ಟು ಕಾಯಬೇಕು ಎಂದು ಗಾರ್ಥ್ ಕೇಳಿದ್ದಕ್ಕೆ ಆರ್ವೊ ಹೇಳಿದ, "ನಿನಗೆ ಬೇಜಾರಾಗೋವರೆಗೆ. ಆಮೇಲೆ ಇನ್ನೂ ಸ್ವಲ್ಪ."

ಅವತ್ತು ಫೆಬ್ರವರಿಯ ನಂತರ ಮೊದಲ ಸಲ ಅವನ ನಗು ಕೇಳಿದೆ.

ಮುಂದಿನ ಚಳಿಗಾಲ ಮರ್ಲಾ ಎಂಬ ಹೆಂಗಸು ಕ್ಲಬ್ಬಿಗೆ ಬಂದಳು. ಪಾರ್ಶ್ವವಾಯು ಹೊಡೆದು ಅರ್ಧ ಮೈಯೂ ಪೂರ್ತಿ ಮಾತೂ ಹೋಗಿದ್ದವು. ಅವಳ ಕತ್ತಿನಲ್ಲಿ ಚಿತ್ರದ ಕಾರ್ಡುಗಳ ಗೊಂಚಲಿತ್ತು. ಹಗ್ಗ ಹಿಡಿಯಲು ನಾನು ಒಲ್ಲೆ ಎಂದೆ. ಹೆಲ್ಮಿ ನನ್ನ ತೋಳು ಹಿಡಿದಳು. "ನೀನೇ ಹಿಡಿ. ನೀನು ಇನ್ನು ಮರೆಯಲ್ಲ," ಎಂದಳು. ಹೆಲ್ಮಿ ಆ ದಿನದ ವಿಡಿಯೋ ಅಳಿಸಿರಲಿಲ್ಲ. ನೋಡುವುದೂ ಇಲ್ಲ, ಅಳಿಸುವುದೂ ಇಲ್ಲ ಎಂದಳು.

ಅರ್ಧ ಗುಡ್ಡದಲ್ಲಿ ಮರ್ಲಾ ಎಡಗೈ ಎತ್ತಿದಳು. ಪಕ್ಕದಲ್ಲಿ ಇಳಿಯುತ್ತಿದ್ದ ಗಾರ್ಥ್ "ನಿಲ್ಲು!" ಎಂದ. ನಿಂತೆ. ಮುಂದೆ ಬಂದು ಕೂತೆ. ಅವಳು ಒಂದು ಕಾರ್ಡು ಮುಟ್ಟಿದಳು: ಬೆಲ್ಟು. "ಬಿಗಿಯಾಗಿದ್ಯಾ?" ತಲೆಯಾಡಿಸಿದಳು. ಒಂದು ತೂತು ಸಡಿಲಿಸಿದೆ. "ಈಗ?" ಇನ್ನೊಂದು. "ಈಗ?" ಅವಳು ಹೆಬ್ಬೆರಳು ಎತ್ತಿದಳು. ಒಂದು ನಿಮಿಷವೂ ಆಗಲಿಲ್ಲ. ಯಾರೂ ಹೆಪ್ಪುಗಟ್ಟಲಿಲ್ಲ. ಗಾರ್ಥ್ ಕೈ ಕೊಟ್ಟು ಎಬ್ಬಿಸಿದ.

ಆರ್ವೊ ಮತ್ತೆ ಗುಡ್ಡ ಹತ್ತಲಿಲ್ಲ. ಆ ಪಾದಕ್ಕೆ ಇನ್ನು ಚಳಿ ತಾಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಪ್ರತಿ ಭಾನುವಾರ ಹೆಲ್ಮಿ ಮತ್ತು ನಾನು ಅವನಲ್ಲಿಗೆ ಹೋಗುತ್ತೇವೆ. ಹೊರಡುವಾಗ ಹೆಲ್ಮಿ ಅವನ ಹಣೆಗೆ ಮುತ್ತಿಟ್ಟು ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಲ್ಲುತ್ತಾಳೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ.

ಈ ಕಥೆ ಬರೆದು ಮೊದಲು ಅವನಿಗೇ ಓದಿ ಹೇಳಿದೆ. ಇಂಥ ಕಥೆ ಚೆನ್ನಾಗಿ ಮುಗಿಯಬೇಕು ಎಂದು ಕೊನೆಯಲ್ಲಿ "ಆರ್ವೊ ನಮ್ಮನ್ನು ಕ್ಷಮಿಸಿದ" ಎಂದು ಬರೆದಿದ್ದೆ. ಅವನು ಬೋರ್ಡು ಕೇಳಿದ.

"ಸುಳ್ಳು. ತೆಗಿ."

ತೆಗೆದಿದ್ದೇನೆ.

ಓದುತ್ತಿರುವ ನಿಮಗೆ ನನ್ನ ಬಿನ್ನಹ ಇಷ್ಟೇ. ನಿಮ್ಮೂರಿನಲ್ಲೂ ಮೈದಾನಕ್ಕೆ, ಈಜುಕೊಳಕ್ಕೆ, ಹಿಮಕ್ಕೆ ಬರಬೇಕೆನ್ನುವ ಇಂಥವರು ಇದ್ದಾರೆ. ಅವರನ್ನು ಕರೆದುಕೊಂಡು ಬನ್ನಿ. ಅವರ ಬೋರ್ಡು, ಕಾರ್ಡು, ಯಂತ್ರ, ಸನ್ನೆ ಯಾವುದಿದ್ದರೂ ಅದನ್ನೂ ಜೊತೆಯಲ್ಲೇ ತನ್ನಿ. ಆಟ ಶುರುವಾಗುವ ಮುಂಚೆ ಅವರ "ಹೌದು" ಹೇಗಿರುತ್ತದೆ, ಅವರ "ನಿಲ್ಲಿಸು" ಹೇಗಿರುತ್ತದೆ ಎಂದು ಅವರಿಂದಲೇ ಕಲಿಯಿರಿ. ಪಕ್ಕದವರನ್ನು ಕೇಳಬೇಡಿ, ಅವರನ್ನೇ ಕೇಳಿ. ನಿಮಗೆ ಗೊತ್ತಿದೆ ಎನಿಸಿದಾಗಲೂ ಒಂದು ಸಲ ಕೇಳಿ. ನನಗೆ ಗೊತ್ತಿದೆ ಎಂದುಕೊಂಡಿದ್ದವಳು ನಾನು.